ಕೆರೆಗೆ ಬಂದರು ಯಾಕೆ? ಟೂ ಹಾರ್ಬರ್ಸ್ ಎಂಬ ಪುಟ್ಟ ಊರಿನ ಕಥೆ

ಲಾಲ್‌ಬಾಗ್ ಕೆರೆಯ ಏರಿ ಮೇಲೆ ಬೆಳಗಿನ ನಡಿಗೆ ಮುಗಿಸಿ ಕೂರುವ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಇಬ್ಬರೋ ಮೂವರೋ ಅಮೆರಿಕಕ್ಕೆ ಹೋಗಿ ಬರುತ್ತಾರೆ. ಮಗಳ ಬಾಣಂತನ, ಮಗನ ಹೊಸ ಮನೆ, ಮೊಮ್ಮಗುವಿನ ನಾಮಕರಣ. ಈ ಸಲ ಮಿನ್ನಿಯಾಪೊಲಿಸ್‌ನಿಂದ ಬಂದ ಸ್ನೇಹಿತರೊಬ್ಬರು ಮೊಬೈಲ್‌ನಲ್ಲಿ ಒಂದು ಫೋಟೊ ತೋರಿಸಿದರು. ಕಣ್ಣಿಗೆ ಕಾಣುವಷ್ಟು ದೂರ ನೀಲಿ ನೀರು. ಆ ನೀರಿನೊಳಗೆ ಚಾಚಿಕೊಂಡ, ತುಕ್ಕು ಬಣ್ಣದ, ಎತ್ತರದ ಒಂದು ಉಕ್ಕಿನ ಗೋಡೆ. ಅದರ ಪಕ್ಕಕ್ಕೆ ಒರಗಿ ನಿಂತ ಭಾರೀ ಹಡಗು.

'ಯಾವ ಸಮುದ್ರ ಇದು?' ಎಂದು ಒಬ್ಬರು ಕೇಳಿದರು. 'ಸಮುದ್ರ ಅಲ್ಲ ರೀ, ಕೆರೆ' ಅಂದರು ಇವರು. ಯಾರೂ ನಂಬಲಿಲ್ಲ. ಕೆರೆಗೆ ಹಡಗು ಯಾಕೆ? ಕೆರೆಗೆ ಬಂದರು ಹೇಗೆ? ಸಮುದ್ರದಿಂದ ಅಷ್ಟು ದೂರ ಒಳನಾಡಿನಲ್ಲಿ ಆ ಹಡಗು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ?

ಆ ಊರಿನ ಹೆಸರು ಟೂ ಹಾರ್ಬರ್ಸ್. ಮಿನ್ನಿಯಾಪೊಲಿಸ್‌ನಿಂದ ಕಾರಿನಲ್ಲಿ ಸುಮಾರು ಮೂರು ಗಂಟೆ. ಮೂರೂವರೆ ಸಾವಿರ ಜನರ ಊರು. ಎರಡು ವರ್ಷದ ಹಿಂದೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೋಗಿ, ಚಿತ್ರಾನ್ನದ ಡಬ್ಬಿ ಇಟ್ಟುಕೊಂಡು ಅರ್ಧ ದಿನ ಅದೇ ಹಡಗುಗಳನ್ನು ನೋಡುತ್ತ ಕೂತಿದ್ದೆವು. ಅಲ್ಲಿಂದ ಬಂದ ಮೇಲೂ ಆ ಊರು ತಲೆಯಿಂದ ಹೋಗಲಿಲ್ಲ. ಓದುತ್ತ ಹೋದ ಹಾಗೆ ಒಂದು ವಿಷಯ ಗೊತ್ತಾಯಿತು: ಕೆರೆ, ಕೋಡಿ, ತೂಬು ಅಂದರೇನು ಅಂತ ಗೊತ್ತಿರುವ ಯಾರಿಗಾದರೂ ಆ ಊರು ಸುಲಭವಾಗಿ ಅರ್ಥವಾಗುತ್ತದೆ.

ಮೊದಲು, ಈ ಕೆರೆ ಎಷ್ಟು ದೊಡ್ಡದು?

ಕೆರೆಯ ಹೆಸರು ಸುಪೀರಿಯರ್. ಅಮೆರಿಕ ಮತ್ತು ಕೆನಡಾ ನಡುವೆ ಇರುವ ಐದು ಮಹಾ ಸರೋವರಗಳಲ್ಲಿ ಎಲ್ಲಕ್ಕಿಂತ ದೊಡ್ಡದು. ಸಿಹಿನೀರಿನ ಕೆರೆ, ಉಪ್ಪಿಲ್ಲ.

ಇದರ ಹರವು ಸುಮಾರು 82,100 ಚದರ ಕಿ.ಮೀ. ಇಡೀ ಕರ್ನಾಟಕದ ವಿಸ್ತೀರ್ಣ 1,91,791 ಚದರ ಕಿ.ಮೀ. ಅಂದರೆ ನಮ್ಮ ರಾಜ್ಯವನ್ನು ಹತ್ತು ಪಾಲು ಮಾಡಿದರೆ ನಾಲ್ಕು ಪಾಲಿಗಿಂತ ಜಾಸ್ತಿ ಜಾಗವನ್ನು ಈ ಒಂದೇ ಕೆರೆ ತುಂಬುತ್ತದೆ. ಉದ್ದ 563 ಕಿ.ಮೀ., ಹೆಚ್ಚು ಕಡಿಮೆ ಬೆಂಗಳೂರಿನಿಂದ ಹೈದರಾಬಾದ್‌ಗೆ ರಸ್ತೆಯಲ್ಲಿ ಹೋದಷ್ಟು. ಅತಿ ಆಳದ ಜಾಗ 406 ಮೀಟರ್. ನಮ್ಮ ಜೋಗದ ಎತ್ತರ 253 ಮೀಟರ್. ಜೋಗದ ಬಂಡೆಯನ್ನು ಬುಡಸಮೇತ ಎತ್ತಿ ಅಲ್ಲಿಟ್ಟರೆ ಮುಳುಗಿ, ಅದರ ಮೇಲೆ ಇನ್ನೂ 150 ಮೀಟರ್ ನೀರು ನಿಲ್ಲುತ್ತದೆ.

ನೀರಿನ ಲೆಕ್ಕ ಇನ್ನೂ ಬೇರೆ. ಪ್ರತಿ ಬೇಸಿಗೆಯಲ್ಲಿ ನಾವೆಲ್ಲ ಕೆಆರ್‌ಎಸ್ ಎಷ್ಟು ಅಡಿ, ಎಷ್ಟು ಟಿಎಂಸಿ ಅಂತ ನೋಡುತ್ತೇವಲ್ಲ, ಆ ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ. ಸುಪೀರಿಯರ್‌ನಲ್ಲಿ ಅಂಥ ಸುಮಾರು 8,600 ಕೆಆರ್‌ಎಸ್‌ಗಳ ನೀರಿದೆ. ಭೂಮಿಯ ಮೇಲ್ಮೈಯಲ್ಲಿ ಹರಿಯುವ, ನಿಲ್ಲುವ ಸಿಹಿನೀರಿನಲ್ಲಿ ಹತ್ತರಲ್ಲೊಂದು ಪಾಲು ಇಲ್ಲೇ ಇದೆ.

ಇಷ್ಟು ದೊಡ್ಡ ಬಯಲಿನ ಮೇಲೆ ಗಾಳಿ ನೂರಾರು ಕಿಲೋಮೀಟರ್ ತಡೆಯಿಲ್ಲದೆ ಓಡುತ್ತದೆ. ಗಾಳಿ ಎಷ್ಟು ದೂರ ನೀರನ್ನು ತಳ್ಳಿಕೊಂಡು ಬರುತ್ತದೋ ಅಲೆ ಅಷ್ಟು ಎತ್ತರ ಏಳುತ್ತದೆ. ಹಲಸೂರು ಕೆರೆಯಲ್ಲಿ ಜೋರು ಗಾಳಿಗೆ ನೀರು ಸುಮ್ನೆ ಸುಕ್ಕುಗಟ್ಟುತ್ತದೆ. ಇಲ್ಲಿ ಆಳೆತ್ತರ ಮೀರಿದ ಅಲೆ ಬಂದು ಬಂಡೆಗೆ ಬಡಿಯುತ್ತದೆ. ಅದಕ್ಕೇ ಈ ಕೆರೆಯಲ್ಲಿ ಓಡುವ ಹಡಗಿಗೆ ಸಮುದ್ರದ ಹಡಗಿನ ಹಾಗೆ ಒಂದು ಆಸರೆ ಬೇಕು. ಬಂದರು ಅಂದರೆ ಅಷ್ಟೇ: ಅಲೆಯಿಂದ ತಪ್ಪಿಸಿಕೊಂಡು ನಿಂತು, ಸರಕು ತುಂಬಿಕೊಳ್ಳಲೋ ಇಳಿಸಲೋ ಆಗುವ ಆಳದ, ಶಾಂತವಾದ ನೀರು.

ಮೇಲ್ಕೆರೆ, ಕೆಳಕೆರೆ, ಕೋಡಿ

ಸುಪೀರಿಯರ್ ಅಂದರೆ ಶ್ರೇಷ್ಠ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಇಲ್ಲಿಗೆ ಬಂದ ಫ್ರೆಂಚರು ಇದನ್ನು 'ಮೇಲಿನ ಕೆರೆ' ಅನ್ನುವ ಅರ್ಥದಲ್ಲಿ ಹಾಗೆ ಕರೆದರು. ನಮ್ಮ ಹಳ್ಳಿಗಳಲ್ಲಿ ಮೇಲ್ಕೆರೆ, ಕೆಳಕೆರೆ ಅನ್ನುತ್ತಾರಲ್ಲ, ಥೇಟ್ ಅದೇ. ಅವರಿಗಿಂತ ಎಷ್ಟೋ ಮೊದಲಿನಿಂದ ದಡದಲ್ಲಿ ಬದುಕಿದ್ದ ಒಜಿಬ್ವೆ ಜನ ಇದನ್ನು ಗಿಚಿಗಾಮಿ ಅನ್ನುತ್ತಾರೆ. ದೊಡ್ಡ ನೀರು ಎಂದರ್ಥ.

ಬೆಂಗಳೂರಿನ ಕೆರೆಗಳು ಸರಣಿಯಾಗಿ ಇರುವುದು ನಿಮಗೆ ಗೊತ್ತು. ಮಡಿವಾಳ ಕೆರೆ ತುಂಬಿದರೆ ಕೋಡಿ ಬಿದ್ದು ನೀರು ಅಗರಕ್ಕೆ, ಅಗರದಿಂದ ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಕೊನೆಗೆ ದಕ್ಷಿಣ ಪಿನಾಕಿನಿಗೆ. ಮಹಾ ಸರೋವರಗಳೂ ಹೀಗೆಯೇ. ಸಮುದ್ರ ಮಟ್ಟದಿಂದ 183 ಮೀಟರ್ ಎತ್ತರದಲ್ಲಿ ಸುಪೀರಿಯರ್. ಅದರ ಕೆಳಗೆ 176 ಮೀಟರ್‌ನಲ್ಲಿ ಹ್ಯೂರನ್ ಮತ್ತು ಮಿಶಿಗನ್. 174ರಲ್ಲಿ ಈರಿ. ಅಲ್ಲಿಂದ ಒಮ್ಮೆಲೇ ನೂರು ಮೀಟರ್ ಕೆಳಗೆ ಒಂಟಾರಿಯೊ. ಅದರಾಚೆ ಸೇಂಟ್ ಲಾರೆನ್ಸ್ ನದಿ, ಅಟ್ಲಾಂಟಿಕ್ ಸಾಗರ. ಈರಿ ಕೆರೆಯ ಕೋಡಿಯೇ ನಯಾಗರ ಜಲಪಾತ. ಅಮೆರಿಕಕ್ಕೆ ಹೋದವರೆಲ್ಲ ಫೋಟೊ ತೆಗೆಸಿಕೊಳ್ಳುವುದು ಒಂದು ಕೋಡಿಯ ಮುಂದೆ ಅಂತ ಯೋಚಿಸಿದರೆ ನನಗಂತೂ ಆ ಜಲಪಾತ ಇನ್ನೂ ಇಷ್ಟವಾಗುತ್ತದೆ.

ಸುಪೀರಿಯರ್‌ನ ಕೋಡಿ ಇರುವುದು ಸೂ ಸೇಂಟ್ ಮರಿ ಎಂಬಲ್ಲಿ. ಅಲ್ಲಿ ನೀರು ಬಂಡೆಗಳ ಮೇಲೆ ಸುಮಾರು 6.4 ಮೀಟರ್, ಅಂದರೆ ಎರಡು ಅಂತಸ್ತಿನ ಮನೆಯಷ್ಟು, ರಭಸವಾಗಿ ಇಳಿಯುತ್ತದೆ. ಅಲ್ಲಿ ಹಡಗು ಹೋಗುವಂತಿಲ್ಲ. ಮೊದಲೆಲ್ಲ ಸರಕನ್ನು ಇಳಿಸಿ, ನೆಲದ ಮೇಲೆ ಸಾಗಿಸಿ, ಕೆಳಗೆ ಇನ್ನೊಂದು ಹಡಗಿಗೆ ತುಂಬಬೇಕಿತ್ತು. 1855ರಲ್ಲಿ ಅಲ್ಲಿ ಲಾಕ್ ಕಟ್ಟಿದರು.

ಲಾಕ್ ಅಂದರೆ ಎರಡು ಕಡೆ ಬಾಗಿಲಿರುವ ಒಂದು ಉದ್ದನೆಯ ನೀರಿನ ತೊಟ್ಟಿ. ಮೇಲಿನ ಕೆರೆಯಿಂದ ಹಡಗು ಒಳಗೆ ಬರುತ್ತದೆ. ಹಿಂದಿನ ಬಾಗಿಲು ಮುಚ್ಚುತ್ತಾರೆ. ತೂಬು ತೆಗೆದ ಹಾಗೆ ತಳದಿಂದ ನೀರು ಹೊರಗೆ ಬಿಡುತ್ತಾರೆ. ನೀರು ಇಳಿದಂತೆ ಹಡಗೂ ಇಳಿಯುತ್ತದೆ. ಕೆಳಗಿನ ಕೆರೆಯ ಮಟ್ಟಕ್ಕೆ ಬಂದಾಗ ಮುಂದಿನ ಬಾಗಿಲು ತೆಗೆಯುತ್ತಾರೆ, ಹಡಗು ಹೊರಟುಹೋಗುತ್ತದೆ. ಮೇಲೆ ಹತ್ತಿಸಬೇಕಾದರೆ ಮೇಲಿನ ಕೆರೆಯ ನೀರನ್ನು ಒಳಗೆ ಬಿಟ್ಟರಾಯಿತು. ಪಂಪ್ ಬೇಡ. ಎಲ್ಲ ಕೆಲಸ ಇಳಿಜಾರಿನದು.

ಈ ಲಾಕ್ ಇಲ್ಲದಿದ್ದರೆ ಟೂ ಹಾರ್ಬರ್ಸ್‌ನಂಥ ಊರು ಹುಟ್ಟುತ್ತಲೇ ಇರಲಿಲ್ಲ.

ಊರು ಹುಟ್ಟಿದ್ದು ಕಬ್ಬಿಣಕ್ಕಾಗಿ

1854ರಲ್ಲಿ ಒಜಿಬ್ವೆ ಜನರ ಜೊತೆ ಅಮೆರಿಕ ಸರ್ಕಾರ ಒಂದು ಒಪ್ಪಂದ ಮಾಡಿಕೊಂಡಿತು. ಲಾ ಪಾಯಿಂಟ್ ಒಪ್ಪಂದ ಎಂದು ಅದರ ಹೆಸರು. ಅದರಿಂದ ಕೆರೆಯ ಉತ್ತರ ದಡ ಸರ್ಕಾರದ ಕೈಗೆ ಹೋಯಿತು. ಆ ನೆಲದಲ್ಲಿ ಬೇಟೆಯಾಡುವ, ಮೀನು ಹಿಡಿಯುವ ಹಕ್ಕನ್ನು ಒಜಿಬ್ವೆಯವರು ಉಳಿಸಿಕೊಂಡರು. ಆ ಹಕ್ಕು ಇವತ್ತಿಗೂ ಇದೆ. ಊರಿನ ಕಥೆ ಹೇಳುವಾಗ ಈ ಮೊದಲ ಪುಟವನ್ನು ಹಾರಿಸಿಬಿಡುವವರು ಜಾಸ್ತಿ. ಹಾರಿಸಬಾರದು.

ಆಮೇಲೆ ಮೂವತ್ತು ವರ್ಷ ಇಲ್ಲಿ ಹೆಚ್ಚೇನೂ ನಡೆಯಲಿಲ್ಲ. ಆದರೆ ಕೆರೆಯಿಂದ ಸುಮಾರು 110 ಕಿ.ಮೀ. ಒಳಗೆ, ಕಾಡಿನ ನಡುವೆ, ವರ್ಮಿಲಿಯನ್ ಎಂಬ ಗುಡ್ಡಸಾಲಿನಲ್ಲಿ ಒಳ್ಳೆಯ ಕಬ್ಬಿಣದ ಅದಿರು ಸಿಕ್ಕಿತ್ತು. ಅದಿರು ಅಂದರೆ ಲೋಹ ಬೆರೆತ ಕಲ್ಲು. ಫಿಲಡೆಲ್ಫಿಯಾದ ಹಣವಂತ ಚಾರ್ಲ್‌ಮೇನ್ ಟವರ್ ಅದಕ್ಕೆ ದುಡ್ಡು ಹಾಕಿದ. ಸೂಡಾನ್ ಎಂಬ ಗಣಿ ಶುರುವಾಯಿತು. ಮಿನ್ನೆಸೋಟ ರಾಜ್ಯದ ಮೊದಲ ಕಬ್ಬಿಣದ ಗಣಿ ಅದು. ಅದೇ ದಶಕದಲ್ಲಿ ಇತ್ತ ನಮ್ಮ ಕೋಲಾರದಲ್ಲಿ ಜಾನ್ ಟೇಲರ್ ಕಂಪನಿ ಚಿನ್ನಕ್ಕಾಗಿ ನೆಲ ಅಗೆಯುತ್ತಿತ್ತು. ಇನ್ನೊಂದು ಹೋಲಿಕೆಯೂ ಇದೆ. ಎರಡು ಗಣಿಗಳಲ್ಲೂ ಮುಂದೆ ವಿಜ್ಞಾನಿಗಳು ನೆಲದಾಳದಲ್ಲಿ ಪ್ರಯೋಗಾಲಯ ಮಾಡಿ ನ್ಯೂಟ್ರಿನೊ ಎಂಬ ಕಣ್ಣಿಗೆ ಕಾಣದ ಕಣಗಳ ಬೆನ್ನು ಹತ್ತಿದರು.

ಅದಿರು ಸಿಕ್ಕರೆ ಸಾಲದು. ಅದನ್ನು ಕರಗಿಸಿ ಕಬ್ಬಿಣ ಮಾಡಲು ಬೇಕಾದ ಕಲ್ಲಿದ್ದಲು ಇದ್ದದ್ದು ಸಾವಿರ ಕಿಲೋಮೀಟರ್‌ಗೂ ಹೆಚ್ಚು ದೂರದ ಪೆನ್ಸಿಲ್ವೇನಿಯಾ ಕಡೆ. ಉಕ್ಕಿನ ಕಾರ್ಖಾನೆಗಳೂ ಅಲ್ಲೇ. ಅಷ್ಟು ಭಾರದ ಕಲ್ಲನ್ನು ಅಲ್ಲಿಯವರೆಗೆ ಒಯ್ಯುವುದು ಹೇಗೆ? ನೀರಿನ ಮೇಲೆ ಭಾರ ಸಾಗಿಸುವುದು ಎಲ್ಲಕ್ಕಿಂತ ಅಗ್ಗ. ಗಣಿಯಿಂದ ಕೆರೆಯವರೆಗೆ ರೈಲು, ಕೆರೆಯ ಮೇಲೆ ಹಡಗು, ಕೆಳಗಿನ ಕೆರೆಯ ದಡದಿಂದ ಮತ್ತೆ ರೈಲು. ದಾರಿ ಹೀಗೆ ನಿಶ್ಚಯವಾಯಿತು.

ರೈಲು ಕೆರೆಯನ್ನು ಮುಟ್ಟುವ ಜಾಗ ಯಾವುದು ಅನ್ನುವುದು ಮುಂದಿನ ಪ್ರಶ್ನೆ. ಅಗೇಟ್ ಬೇ, ಬರ್ಲಿಂಗ್‌ಟನ್ ಬೇ ಎಂಬ ಎರಡು ಪುಟ್ಟ ಕೊಲ್ಲಿಗಳು ಅಕ್ಕಪಕ್ಕದಲ್ಲಿದ್ದವು. ಕೊಲ್ಲಿ ಅಂದರೆ ದಡ ಒಳಕ್ಕೆ ಬಾಗಿ ನೀರನ್ನು ತೋಳಿನಲ್ಲಿ ಹಿಡಿದುಕೊಂಡಂಥ ಜಾಗ. ಬಂಡೆಯ ದಡ, ಪಕ್ಕದಲ್ಲೇ ಆಳ ನೀರು. ಆ ಎರಡು ಕೊಲ್ಲಿಗಳಿಂದಲೇ ಊರಿಗೆ ಟೂ ಹಾರ್ಬರ್ಸ್, ಎರಡು ಬಂದರು, ಎಂದು ಹೆಸರು ಬಂತು. ಹೆಸರು ಎರಡಾದರೂ ಅದಿರಿನ ಕೆಲಸವೆಲ್ಲ ಅಗೇಟ್ ಬೇಯದು.

ರೈಲು ಹಳಿ ಹಾಕಲು ಎಂಜಿನ್ ಬೇಕು. ಎಂಜಿನ್ ತರಲು ಹಳಿ ಇಲ್ಲ, ರಸ್ತೆಯೂ ಇಲ್ಲ. 1883ರಲ್ಲಿ ಮೊದಲ ಉಗಿ ಎಂಜಿನ್ ಬಂದದ್ದು ದೋಣಿಯ ಮೇಲೆ, ಅಲೆಗಳ ನಡುವೆ. 'ತ್ರೀ ಸ್ಪಾಟ್' ಎಂದು ಕರೆಯುವ ಆ ಎಂಜಿನ್ ಈಗಲೂ ಊರಿನ ಹಳೇ ರೈಲು ನಿಲ್ದಾಣದ ಬಳಿ ನಿಂತಿದೆ. ಎತ್ತರದ ಡೀಸೆಲ್ ಎಂಜಿನ್ ನೋಡಿ ಅಭ್ಯಾಸವಾದ ಕಣ್ಣಿಗೆ ಅದು ಮಕ್ಕಳ ರೈಲಿನ ಹಾಗೆ ಕಾಣುತ್ತದೆ. ಇಡೀ ಊರು ಬಂದದ್ದು ಅದರ ಬೆನ್ನ ಮೇಲೆ.

1884ರ ಜುಲೈ ಕೊನೆಗೆ ಸೂಡಾನ್‌ನಿಂದ ಮೊದಲ ಅದಿರು ರೈಲು ಇಳಿದು ಬಂತು. ಆಗಸ್ಟ್‌ನಲ್ಲಿ ಮೊದಲ ಹಡಗು ತುಂಬಿ ಹೊರಟಿತು. ಸ್ವೀಡನ್, ನಾರ್ವೆ, ಫಿನ್ಲೆಂಡ್ ಕಡೆಯಿಂದ ಕೆಲಸ ಹುಡುಕಿಕೊಂಡು ಜನ ಬಂದರು. ಊರು ಬೆಳೆಯಿತು.

ಡಾಕ್ ಕೆಲಸ ಮಾಡುವುದು ಹೇಗೆ?

ಫೋಟೊದಲ್ಲಿ ಕಂಡ ತುಕ್ಕು ಬಣ್ಣದ ಗೋಡೆಯೇ ಡಾಕ್. ನಮ್ಮ ಕರಾವಳಿಯವರ ಮಾತಿನಲ್ಲಿ ಹೇಳುವುದಾದರೆ ದಕ್ಕೆ. ಆದರೆ ಮಂಗಳೂರಿನ ದಕ್ಕೆಯ ಹಾಗೆ ನೀರಿನ ಮಟ್ಟಕ್ಕೆ ಇರುವಂಥದ್ದಲ್ಲ. ಏಳೆಂಟು ಅಂತಸ್ತಿನ ಕಟ್ಟಡದಷ್ಟು ಎತ್ತರ, 400 ಮೀಟರ್‌ಗೂ ಜಾಸ್ತಿ ಉದ್ದ. ಅದರ ನೆತ್ತಿಯ ಮೇಲೆ ರೈಲು ಹಳಿ ಇದೆ. ರೈಲು ನೆಲದಿಂದ ನೇರವಾಗಿ ಡಾಕ್‌ನ ತಲೆಯ ಮೇಲೆ ಬಂದು, ನೀರಿನ ಮೇಲೆ ನಿಲ್ಲುತ್ತದೆ.

ಯಾಕಿಷ್ಟು ಎತ್ತರ? ಹಿಟ್ಟಿನ ಗಿರಣಿಯನ್ನು ನೆನಪಿಸಿಕೊಳ್ಳಿ. ಮೇಲೆ ದೊಡ್ಡ ಬಾಯಿಯ ಡಬ್ಬಕ್ಕೆ ರಾಗಿ ಸುರಿಯುತ್ತಾರೆ. ಅದು ತನ್ನ ಭಾರಕ್ಕೆ ತಾನೇ ಕೆಳಗೆ ಇಳಿಯುತ್ತದೆ. ಯಾರೂ ತಳ್ಳಬೇಕಿಲ್ಲ. ಡಾಕ್ ಅಂಥ ನೂರಾರು ಡಬ್ಬಗಳ ಸಾಲು. ರೈಲಿನ ಡಬ್ಬಿಯ ತಳದ ಬಾಗಿಲು ತೆಗೆದರೆ ಅದಿರು ಕೆಳಗಿನ ಗೂಡಿಗೆ ಬೀಳುತ್ತದೆ. ಹಡಗು ಪಕ್ಕಕ್ಕೆ ಬಂದು ನಿಂತಾಗ ಗೂಡಿನ ಹೊರಬಾಯಿಗೆ ಕಟ್ಟಿದ ಉಕ್ಕಿನ ದೋಣಿಯನ್ನು (ಮಳೆ ನೀರು ಬೀಳಲು ಮನೆ ಸೂರಿಗೆ ಕಟ್ಟುತ್ತೇವಲ್ಲ, ಅಂಥ ದೋಣಿ) ಹಡಗಿನ ಹೊಟ್ಟೆಯ ಕಡೆಗೆ ಇಳಿಸುತ್ತಾರೆ. ಗೂಡಿನ ಬಾಗಿಲು ತೆಗೆಯುತ್ತಾರೆ. ಅದಿರು ಗುಡುಗಿನಂಥ ಸದ್ದು ಮಾಡುತ್ತ ಜಾರುತ್ತದೆ. ಕೆಂಪು ಧೂಳು ಏಳುತ್ತದೆ. ಅಷ್ಟೇ ಕೆಲಸ.

ಈ ಗೂಡುಗಳು 12 ಅಡಿಗೊಂದರಂತೆ ಇವೆ. ಈ ಕೆರೆಗಳಲ್ಲಿ ಓಡುವ ಹಳೆಯ ಅದಿರು ಹಡಗುಗಳ ಅಟ್ಟದ ಮೇಲಿನ ಬಾಯಿಗಳು 24 ಅಡಿಗೊಂದು. ಅಂದರೆ ಒಂದು ಬಿಟ್ಟು ಒಂದು ಗೂಡಿಗೆ ಸರಿಯಾಗಿ ಹಡಗಿನ ಒಂದು ಬಾಯಿ. ಮೊದಲು ಡಾಕ್ ಬಂತು, ಅದಕ್ಕೆ ಹೊಂದುವ ಹಾಗೆ ಹಡಗು ಕಟ್ಟಿದರು. ಸಮುದ್ರದ ಹಡಗುಗಳಿಗಿಂತ ಈ ಹಡಗುಗಳು ಬೇರೆ ಥರ, ಉದ್ದುದ್ದ, ಕೋಲಿನ ಹಾಗೆ, ಇರುವುದಕ್ಕೆ ಡಾಕ್‌ನ ಮತ್ತು ಲಾಕ್‌ನ ಅಳತೆಗಳೇ ಕಾರಣ.

ಎಲ್ಲ ದಿನವೂ ಅದಿರು ಹೀಗೆ ಸಲೀಸಾಗಿ ಜಾರುತ್ತಿರಲಿಲ್ಲ. ಒದ್ದೆ ಅದಿರು ಜೇಡಿಮಣ್ಣಿನ ಹಾಗೆ ಅಂಟಿಕೊಳ್ಳುತ್ತಿತ್ತು. ಚಳಿ ಬಂದರೆ ಗೂಡಿನಲ್ಲೇ ಹೆಪ್ಪುಗಟ್ಟುತ್ತಿತ್ತು. ಆಗ ಉದ್ದನೆಯ ಕೋಲು ಹಿಡಿದ ಕೆಲಸಗಾರರು ಡಾಕ್‌ನ ನೆತ್ತಿಯಲ್ಲಿ ನಿಂತು ತಿವಿದು ತಿವಿದು ಅದನ್ನು ಸಡಿಲಿಸುತ್ತಿದ್ದರು. ಕೆಳಗೆ ಏಳೆಂಟು ಅಂತಸ್ತಿನ ಆಳ, ಸುತ್ತ ಕೆರೆಯ ಗಾಳಿ. ಅಡುಗೆಮನೆಯಲ್ಲಿ ಉಪ್ಪಿನ ಡಬ್ಬ ಗಟ್ಟಿಯಾದಾಗ ಚಮಚದ ಹಿಡಿಯಿಂದ ಕುಟ್ಟುತ್ತೇವೆ. ಅದನ್ನೇ ಹಿಮಗಾಳಿಯಲ್ಲಿ, ಟನ್‌ಗಟ್ಟಲೆ ಕಲ್ಲಿನ ಮೇಲೆ, ದಿನವಿಡೀ ಮಾಡಿದ ಜನ ಅವರು.

ಈಗ ಅತಿ ದೊಡ್ಡ ಹಡಗುಗಳಿಗೆ ಕನ್ವೇಯರ್ ಬೆಲ್ಟ್ ಇದೆ. ಅಂಥ ಹಡಗುಗಳು 300 ಮೀಟರ್ ಮೀರುತ್ತವೆ, ಒಂದು ಸಲಕ್ಕೆ 60,000 ಟನ್‌ಗೂ ಜಾಸ್ತಿ ಒಯ್ಯುತ್ತವೆ. ಒಂದು ಲಾರಿಗೆ 20 ಟನ್ ಅಂತ ಲೆಕ್ಕ ಹಾಕಿದರೂ 3,000 ಲಾರಿ. ಹೊಸೂರು ರಸ್ತೆಯಲ್ಲಿ ಅವನ್ನು ಒಂದರ ಹಿಂದೆ ಒಂದು ನಿಲ್ಲಿಸಿದರೆ ಸಾಲು ಸಿಲ್ಕ್ ಬೋರ್ಡ್‌ನಿಂದ ಹೆಚ್ಚು ಕಡಿಮೆ ಹೊಸೂರಿನ ಹತ್ತಿರ ಹೋಗುತ್ತದೆ. ಭಾರವನ್ನು ನೀರಿನ ಮೇಲೆ ಸಾಗಿಸುವುದು ಯಾಕೆ ಅಗ್ಗ ಅನ್ನುವುದಕ್ಕೆ ಇದಕ್ಕಿಂತ ಉತ್ತರ ಬೇಕಿಲ್ಲ.

ದೀಪ, ಗೋಡೆ, ಬಿರುಗಾಳಿ

ಬಂದರಿಗೆ ಇನ್ನೆರಡು ವಸ್ತು ಬೇಕು. ಒಂದು, ಅಲೆಗೆ ಅಡ್ಡ ಹಾಕಿದ ಗೋಡೆ. ಕೊಲ್ಲಿಯ ಬಾಯಿಗೆ ಕಲ್ಲು, ಕಾಂಕ್ರೀಟ್ ಸುರಿದು ಕಟ್ಟಿದ ಈ ಗೋಡೆಯ ಮೇಲೆ ನಡೆದುಕೊಂಡೇ ಕೆರೆಯೊಳಗೆ ಹೋಗಬಹುದು. ಇನ್ನೊಂದು ದೀಪ. ಇಲ್ಲಿಯ ಲೈಟ್‌ಹೌಸ್ ಬೆಳಗಿದ್ದು 1892ರಲ್ಲಿ. ಕೆಂಪು ಇಟ್ಟಿಗೆಯ ಚೌಕ ಗೋಪುರ, ಅದಕ್ಕೆ ಅಂಟಿಕೊಂಡಂತೆ ಕಾವಲುಗಾರನ ಮನೆ. ನೋಡಿದರೆ ಹಳೇ ಬಸವನಗುಡಿಯ ಬಂಗಲೆಯ ಪಕ್ಕ ಗೋಪುರ ಎಬ್ಬಿಸಿದ ಹಾಗಿದೆ. ಆ ದೀಪ ಇನ್ನೂ ಆರಿಲ್ಲ. ಮಿನ್ನೆಸೋಟದಲ್ಲಿ ಈಗಲೂ ಕೆಲಸ ಮಾಡುತ್ತಿರುವ ಅತ್ಯಂತ ಹಳೆಯ ಲೈಟ್‌ಹೌಸ್ ಇದು.

ದೀಪ ಯಾಕೆ ಅಷ್ಟು ಮುಖ್ಯ ಅನ್ನುವುದು 1905ರ ನವೆಂಬರ್ 28ರಂದು ಎಲ್ಲರಿಗೂ ಗೊತ್ತಾಯಿತು. ಆ ದಿನದ ಬಿರುಗಾಳಿಗೆ ಇಪ್ಪತ್ತಕ್ಕೂ ಹೆಚ್ಚು ಹಡಗು ಸಿಕ್ಕಿಬಿದ್ದವು. ಪಕ್ಕದ ಡುಲೂತ್ ಊರಿನ ಬಂದರಿನ ಬಾಯಲ್ಲೇ, ದಡದಲ್ಲಿ ಸಾವಿರಾರು ಜನ ನೋಡುತ್ತಿರುವಾಗ, ಮಟಾಫಾ ಎಂಬ ಹಡಗು ಮುರಿಯಿತು. ಅದರಲ್ಲಿದ್ದ ಒಂಬತ್ತು ಜನ ಚಳಿಗೆ ಸತ್ತರು. ದಡ ಕೂಗಳತೆಯಲ್ಲಿತ್ತು. ಈ ದುರಂತದ ನಂತರವೇ ಟೂ ಹಾರ್ಬರ್ಸ್‌ನಿಂದ ಮುಂದೆ ಸ್ಪ್ಲಿಟ್ ರಾಕ್ ಎಂಬ ಕಡಿದಾದ ಬಂಡೆಯ ಮೇಲೆ ಹೊಸ ಲೈಟ್‌ಹೌಸ್ ಕಟ್ಟಿದರು. 1910ರಲ್ಲಿ ಅದು ಬೆಳಗಿತು.

ಇನ್ನೊಂದು ನವೆಂಬರ್, 1975. ಎಡ್ಮಂಡ್ ಫಿಟ್ಜರಾಲ್ಡ್ ಎಂಬ 222 ಮೀಟರ್ ಉದ್ದದ ಹಡಗು ಕೆರೆಯ ಪಶ್ಚಿಮ ತುದಿಯ ಬಂದರಿನಿಂದ 26,000 ಟನ್ ಕಬ್ಬಿಣದ ಉಂಡೆ ತುಂಬಿಕೊಂಡು ಹೊರಟಿತ್ತು. ಟೂ ಹಾರ್ಬರ್ಸ್‌ನಿಂದ ಆರ್ಥರ್ ಎಂ. ಆಂಡರ್ಸನ್ ಎಂಬ ಇನ್ನೊಂದು ಹಡಗು ಹೊರಟಿತು. ಎರಡೂ ಬಿರುಗಾಳಿಯಲ್ಲಿ ಒಂದರ ಹಿಂದೆ ಒಂದು ರೇಡಿಯೊದಲ್ಲಿ ಮಾತಾಡಿಕೊಳ್ಳುತ್ತ ಸಾಗುತ್ತಿದ್ದವು. ಅಲೆ 7 ಮೀಟರ್ ದಾಟಿತ್ತು. ನವೆಂಬರ್ 10ರ ಸಂಜೆ ಆಂಡರ್ಸನ್‌ನ ರೇಡಾರ್‌ನಲ್ಲಿ ಮುಂದಿನ ಹಡಗಿನ ಚುಕ್ಕಿ ಕಾಣದಾಯಿತು. ಫಿಟ್ಜರಾಲ್ಡ್‌ನಲ್ಲಿದ್ದ 29 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಒಮ್ಮೆ ಆಸರೆಗೆ ತಲುಪಿದ್ದ ಆಂಡರ್ಸನ್ ಹುಡುಕಲು ಅದೇ ಬಿರುಗಾಳಿಗೆ ವಾಪಸ್ ಹೋಯಿತು. 1952ರಲ್ಲಿ ನೀರಿಗಿಳಿದ ಈ ಹಡಗು 70 ವರ್ಷ ದಾಟಿಯೂ ಓಡಿದೆ. ಸಿಹಿನೀರಿನಲ್ಲಿ ಉಕ್ಕು ಬೇಗ ತುಕ್ಕು ಹಿಡಿಯುವುದಿಲ್ಲ. ಹಾಗಾಗಿ ಸಮುದ್ರದ ಹಡಗಿಗಿಂತ ಕೆರೆಯ ಹಡಗಿಗೆ ಆಯುಸ್ಸು ಜಾಸ್ತಿ.

ಒಳ್ಳೆಯ ಅದಿರು ಮುಗಿದಾಗ

ಎರಡು ಮಹಾಯುದ್ಧಗಳಿಗೆ ಬೇಕಾದ ಉಕ್ಕು ಕೊಟ್ಟ ಮೇಲೆ ಸುಲಭವಾಗಿ ಸಿಗುವ ಅದಿರು ಬರಿದಾಗುತ್ತ ಬಂತು. 1962ರಲ್ಲಿ ಸೂಡಾನ್ ಗಣಿ ಮುಚ್ಚಿತು. ಟೂ ಹಾರ್ಬರ್ಸ್‌ನ ಡಾಕ್‌ಗಳೂ ಆ ದಶಕದಲ್ಲಿ ಕೆಲವು ವರ್ಷ ಮೌನವಾದವು. ಒಂದೇ ಕಸುಬಿನ ಊರಿಗೆ ಆ ಕಸುಬು ನಿಂತರೆ ಏನಾಗುತ್ತದೆ ಅಂತ ಕೆಜಿಎಫ್ ನೋಡಿದ ನಮಗೆ ಯಾರೂ ಹೇಳಬೇಕಿಲ್ಲ.

ಊರನ್ನು ಮತ್ತೆ ಎಬ್ಬಿಸಿದ್ದು ಟ್ಯಾಕೊನೈಟ್ ಎಂಬ ಗಟ್ಟಿ ಕಲ್ಲು. ಅದರಲ್ಲಿ ಕಬ್ಬಿಣ ನೂರಕ್ಕೆ 25ರಿಂದ 30 ಪಾಲು ಮಾತ್ರ. ಹಿಂದೆ ಅದನ್ನು ಬೇಡವೆಂದು ಬಿಟ್ಟಿದ್ದರು. ಮಿನ್ನೆಸೋಟ ವಿಶ್ವವಿದ್ಯಾಲಯದ ಎಡ್ವರ್ಡ್ ಡೇವಿಸ್ ಹತ್ತಾರು ವರ್ಷ ಅದರ ಬೆನ್ನು ಬಿದ್ದು ದಾರಿ ಹುಡುಕಿದರು. ಕಲ್ಲನ್ನು ಹಿಟ್ಟಿನ ಹಾಗೆ ಪುಡಿ ಮಾಡುವುದು. ಅಯಸ್ಕಾಂತ ಹಿಡಿದು ಕಬ್ಬಿಣದ ಕಣಗಳನ್ನು ಬೇರೆ ಮಾಡುವುದು. ಚಿಕ್ಕವರಿದ್ದಾಗ ಮರಳಿನಲ್ಲಿ ಅಯಸ್ಕಾಂತ ಆಡಿಸಿ ಕಪ್ಪು ಪುಡಿ ಎತ್ತುತ್ತಿದ್ದೆವಲ್ಲ, ಅದೇ. ಆದರೆ ಪುಡಿಯನ್ನು ಹಾಗೇ ಕುಲುಮೆಗೆ ಹಾಕಿದರೆ ಗಾಳಿಗೆ ಹಾರಿಹೋಗುತ್ತದೆ. ಉಂಡೆ ಕಟ್ಟಬೇಕು.

ಅದಕ್ಕೆ ಮಾಡುವ ಕೆಲಸ ಸಂಕ್ರಾಂತಿಯ ಕುಸುರೆಳ್ಳಿನದು. ಬಾಣಲೆಯಲ್ಲಿ ಎಳ್ಳು ಹಾಕಿ, ಪಾಕ ಚಿಮುಕಿಸುತ್ತ, ಉರುಳಿಸುತ್ತ ಹೋದರೆ ಪದರ ಪದರವಾಗಿ ಗುಂಡಗೆ ಬೆಳೆಯುತ್ತದೆ. ಇಲ್ಲಿ ಬಾಣಲೆಯ ಬದಲು ತಿರುಗುವ ದೊಡ್ಡ ಪೀಪಾಯಿ, ಪಾಕದ ಬದಲು ನೀರು ಮತ್ತು ಸ್ವಲ್ಪ ಜೇಡಿಮಣ್ಣು. ಸೆಂಟಿಮೀಟರ್ ಗಾತ್ರದ ಉಂಡೆಗಳಾದ ಮೇಲೆ ಬೆಂಕಿಯಲ್ಲಿ ಸುಡುತ್ತಾರೆ. ಇದಕ್ಕೆ ಪೆಲೆಟ್ ಎನ್ನುತ್ತಾರೆ. ಈಗ ಕಬ್ಬಿಣ ನೂರಕ್ಕೆ ಸುಮಾರು 65 ಪಾಲು. ಒದ್ದೆ ಅದಿರಿನ ಹಾಗೆ ಅಂಟುವುದೂ ಇಲ್ಲ, ಗೋಲಿಯ ಹಾಗೆ ಉರುಳುತ್ತದೆ. ಕೋಲು ಹಿಡಿದು ತಿವಿಯುವ ಕೆಲಸ ನಿಂತದ್ದು ಇದರಿಂದ.

ಕುದುರೆಮುಖ ನೆನಪಾಯಿತಲ್ವಾ? ಅಲ್ಲಿಯೂ ಇಂಥದ್ದೇ ಕಡಿಮೆ ಪಾಲಿನ, ಅಯಸ್ಕಾಂತಕ್ಕೆ ಅಂಟುವ ಅದಿರು. ಘಟ್ಟದ ಮೇಲೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, 67 ಕಿ.ಮೀ. ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿಗೆ ಇಳಿಸಿ, ಅಲ್ಲಿ ಉಂಡೆ ಕಟ್ಟುತ್ತಿದ್ದರು. ಆ ಕಂಪನಿಯ ಮುಖ್ಯ ಕಚೇರಿ ಇರುವುದು ನಮ್ಮ ಕೋರಮಂಗಲದಲ್ಲಿ. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕುದುರೆಮುಖದ ಗಣಿ ನಿಂತಿತು.

ಇಂಥ ಕೆಲಸದಲ್ಲಿ ಉಳಿಯುವ ಕಲ್ಲಿನ ಪುಡಿಯನ್ನು ಎಲ್ಲಿ ಹಾಕುವುದು ಅನ್ನುವ ಪ್ರಶ್ನೆ ಸುಪೀರಿಯರ್ ದಡದಲ್ಲೂ ಎದ್ದಿತು. ಟೂ ಹಾರ್ಬರ್ಸ್‌ನ ಮುಂದಿನ ಸಿಲ್ವರ್ ಬೇ ಊರಿನ ಕಾರ್ಖಾನೆಯೊಂದು 1950ರ ದಶಕದಿಂದ ಅದನ್ನು ನೇರವಾಗಿ ಕೆರೆಗೇ ಬಿಡುತ್ತಿತ್ತು. ದಿನಕ್ಕೆ ಸುಮಾರು 67,000 ಟನ್. ಡುಲೂತ್ ಜನ ಕುಡಿಯುವ ನೀರಿನಲ್ಲಿ ಕಲ್ನಾರಿನಂಥ ಎಳೆಗಳು ಕಂಡವು. ವರ್ಷಗಟ್ಟಲೆ ಕೋರ್ಟಿನಲ್ಲಿ ಜಗಳ ನಡೆದು, 1980ರಲ್ಲಿ ಅದು ನಿಂತು ಪುಡಿ ನೆಲದ ಮೇಲಿನ ಗುಂಡಿಗೆ ಹೋಯಿತು. ಸುಪೀರಿಯರ್‌ಗೆ ಬಿದ್ದ ನೀರು ಪೂರ್ತಿ ಬದಲಾಗಲು ಸುಮಾರು 190 ವರ್ಷ ಬೇಕು. ಬೆಳ್ಳಂದೂರಿನ ನೊರೆಯನ್ನು ಕಣ್ಣಾರೆ ಕಂಡ ನನಗೆ ಆ ಲೆಕ್ಕ ಓದಿ ಎದೆ ಭಾರವಾಯಿತು.

ನಿಮ್ಮ ಅಡುಗೆಮನೆಗೂ ಈ ಊರಿಗೂ ಇರುವ ನಂಟು

ಪಾತ್ರೆ ಉಜ್ಜುವ ಹಸಿರು ಸ್ಕಾಚ್ ಬ್ರೈಟ್, ಉಡುಗೊರೆಗೆ ಸುತ್ತುವ ಸ್ಕಾಚ್ ಟೇಪ್. ಇವನ್ನು ಮಾಡುವ ತ್ರೀಎಂ ಕಂಪನಿ ಹುಟ್ಟಿದ್ದು 1902ರಲ್ಲಿ, ಇದೇ ಟೂ ಹಾರ್ಬರ್ಸ್‌ನಲ್ಲಿ. ಅದರ ಭಾರತದ ಕಂಪನಿಯ ಕಚೇರಿ ನಮ್ಮ ಎಲೆಕ್ಟ್ರಾನಿಕ್ ಸಿಟಿಯಲ್ಲಿದೆ.

ಊರಿನ ಐದು ಜನ ಸೇರಿ ಕಂಪನಿ ಕಟ್ಟಿದರು. ಅವರಲ್ಲಿ ಒಬ್ಬ ವಕೀಲ, ಒಬ್ಬ ವೈದ್ಯ. ಕೆರೆಯ ದಡದಲ್ಲಿ ಕೊರಂಡಂ ಸಿಕ್ಕಿದೆ ಎಂದು ಅವರ ನಂಬಿಕೆ. ಸಾಣೆ ಹಿಡಿಯಲು ಬಳಸುವ ತುಂಬ ಗಡುಸಾದ ಕಲ್ಲು ಅದು. ಆ ಇಂಗ್ಲಿಷ್ ಹೆಸರು ಹೋದದ್ದೇ ನಮ್ಮ ಕಡೆಯಿಂದ, ತಮಿಳಿನ ಕುರುಂದಂ ಎಂಬ ಮಾತಿನಿಂದ. ಆದರೆ ಅಗೆದು ನೋಡಿದರೆ ಅದು ಕುರುಂದವಲ್ಲ, ಅನಾರ್ಥೊಸೈಟ್ ಎಂಬ, ಅದಕ್ಕಿಂತ ಮೆದುವಾದ ಕಲ್ಲು. ಉಜ್ಜುವ ಕೆಲಸಕ್ಕೆ ಬರುವುದಿಲ್ಲ. ಹಾಕಿದ ದುಡ್ಡು ಮುಳುಗುವ ಹೊತ್ತಿಗೆ ಅವರು ಗಣಿ ಬಿಟ್ಟು, ಬೇರೆ ಕಡೆಯಿಂದ ಕಲ್ಲು ತರಿಸಿ ಉಜ್ಜು ಕಾಗದ ಮಾಡಲು ಹೊರಟರು. 1905ರಲ್ಲಿ ಡುಲೂತ್‌ಗೆ, 1910ರಲ್ಲಿ ಸೇಂಟ್ ಪಾಲ್‌ಗೆ ಕಾರ್ಖಾನೆ ಹೋಯಿತು. 1925ರಲ್ಲಿ ರಿಚರ್ಡ್ ಡ್ರೂ ಎಂಬ ನೌಕರ ಕಾರಿಗೆ ಎರಡು ಬಣ್ಣ ಹೊಡೆಯುವವರ ಕಷ್ಟ ನೋಡಿ ಮಾಸ್ಕಿಂಗ್ ಟೇಪ್ ಮಾಡಿದ. 1930ರಲ್ಲಿ ಪಾರದರ್ಶಕ ಟೇಪ್ ಬಂತು. ವಕೀಲ ಜಾನ್ ಡ್ವಾನ್‌ನ ಪುಟ್ಟ ಕಚೇರಿ ಟೂ ಹಾರ್ಬರ್ಸ್‌ನಲ್ಲಿ ಮ್ಯೂಸಿಯಂ ಆಗಿ ಉಳಿದಿದೆ.

ಅಲ್ಲಿಗೆ ಹೋಗುವವರಿಗೆ

ಜನವರಿ 15ರಿಂದ ಮಾರ್ಚ್ 25ರವರೆಗೆ ಸೂ ಲಾಕ್ ಮುಚ್ಚಿರುತ್ತದೆ. ಕೆರೆಯ ಅಂಚು ಹೆಪ್ಪುಗಟ್ಟುತ್ತದೆ, ಹಡಗು ಬರುವುದಿಲ್ಲ. ಮೇನಿಂದ ಅಕ್ಟೋಬರ್ ನಡುವೆ ಹೋಗಿ. ಬೇಸಿಗೆಯಲ್ಲೂ ಒಂದು ಸ್ವೆಟರ್ ಇರಲಿ. ಕೆರೆಯ ಮೇಲಿನ ಗಾಳಿ ಕಿವಿ ಕೊರೆಯುತ್ತದೆ. ಮೊದಲು ತ್ರೀ ಸ್ಪಾಟ್ ಎಂಜಿನ್ ನೋಡಿ. 1896ರಲ್ಲಿ ಕಟ್ಟಿದ ಎಡ್ನಾ ಜಿ ಎಂಬ ಎಳೆಯುವ ದೋಣಿಯನ್ನೂ ಊರು ಜೋಪಾನ ಮಾಡಿಟ್ಟಿದೆ. ರೈಲು ಕಂಪನಿಯ ಅಧ್ಯಕ್ಷರ ಮಗಳ ಹೆಸರು ಅದಕ್ಕೆ. ಕಲ್ಲಿದ್ದಲ ಉಗಿಯಲ್ಲಿ ಓಡುತ್ತ 1981ರವರೆಗೆ ಅದು ದೊಡ್ಡ ಹಡಗುಗಳನ್ನು ಡಾಕ್‌ಗೆ ತಳ್ಳಿ ನಿಲ್ಲಿಸುತ್ತಿತ್ತು.

ಆಮೇಲೆ ಅಲೆತಡೆ ಗೋಡೆಯ ಮೇಲೆ ತುದಿಯವರೆಗೆ ನಡೆಯಿರಿ. ನಾವು ಹೋದ ದಿನ ಒಂದು ಹಡಗು ತುಂಬುತ್ತಿತ್ತು. ಡಾಕ್‌ನ ಉಕ್ಕಿನ ದೋಣಿ ಇಳಿಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ದೂರದಿಂದ ತಗಡಿನ ಮೇಲೆ ಆಲಿಕಲ್ಲು ಸುರಿದಂಥ ಸದ್ದು ನೀರಿನ ಮೇಲೆ ತೇಲಿ ಬಂತು. ಹಡಗಿನ ಪಕ್ಕದಲ್ಲಿ ಬರೆದ ಅಳತೆಯ ಅಂಕಿಗಳು ಒಂದೊಂದಾಗಿ ನೀರಿಗೆ ಇಳಿಯುತ್ತಿದ್ದವು. ಊಟದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಎರಡು ಅಂಕಿ ಮುಳುಗಿದ್ದವು.